ಒಲೆಯ ಮುಂದಿನ ಶಾಲೆ

ಗಂಡಸರು ಕ್ರಾಂತಿ ಮಾಡುವುದು ಸಾಮಾನ್ಯವಾಗಿ ಊಟಕ್ಕೆ ಕುಳಿತಾಗ. ಇದನ್ನು ನಾನು ಯಾವ ಪುಸ್ತಕದಲ್ಲೂ ಓದಿದ್ದಲ್ಲ, ಮದುವೆಯಾದ ಮೇಲೆ ಕಂಡುಕೊಂಡದ್ದು. ಆ ಹೊತ್ತಿನಲ್ಲಿ ಹೆಂಡತಿಯ ಒಂದು ಕೈಯಲ್ಲಿ ಸೌಟು, ಇನ್ನೊಂದರಲ್ಲಿ ಸಾರಿನ ಪಾತ್ರೆ ಇರುತ್ತದೆ. ಎದುರಾಡಬೇಕೆಂದರೆ ಎರಡನ್ನೂ ಕೆಳಗಿಡಬೇಕು, ಇಟ್ಟರೆ ಸಾರು ಆರುತ್ತದೆ, ಸಾರು ಆರಿದರೆ ಅದರದೇ ಬೇರೆ ಮಾತು ಶುರುವಾಗುತ್ತದೆ. ನಮ್ಮ ಮನೆಯಲ್ಲಿ ಸ್ಕೂಟರ್ ಮಾರಿದ್ದು, ಚಹಾ ಬಿಟ್ಟು ಕಷಾಯ ಹಿಡಿದದ್ದು, ಮತ್ತೆ ಕಷಾಯ ಬಿಟ್ಟು ಚಹಾ ಹಿಡಿದದ್ದು, ಎಲ್ಲವೂ ಸಾರನ್ನಕ್ಕೂ ಮಜ್ಜಿಗೆ ಅನ್ನಕ್ಕೂ ನಡುವೆಯೇ ತೀರ್ಮಾನವಾದವು. ಮಕ್ಕಳಿಬ್ಬರನ್ನೂ ಶಾಲೆಗೆ ಕಳಿಸದೆ ಮನೆಯಲ್ಲೇ ಓದಿಸಬೇಕೆಂಬ ಸಂಕಲ್ಪವೂ ಹಾಗೆಯೇ ಆಯಿತು.

ತೊಂಬತ್ತರ ದಶಕದ ನಡುವಿನ ಮಾತಿದು. ನಮ್ಮವರು ವಾಡಿಯ ಒಂದು ಸಿಮೆಂಟ್ ಕಾರ್ಖಾನೆಯ ಪ್ರಯೋಗಶಾಲೆಯಲ್ಲಿದ್ದರು. ಕಲ್ಲಿನ ಪುಡಿಯಲ್ಲಿ ಸುಣ್ಣವೆಷ್ಟು, ಮಣ್ಣೆಷ್ಟು ಎಂದು ನೋಡುವ ಕೆಲಸ. ಆ ಚಟ ಮನೆಗೂ ಬಂದಿತ್ತು. ಹುಳಿಯಲ್ಲಿ ಬೇಳೆ ಎಷ್ಟು, ನೀರೆಷ್ಟು ಎಂದು ಮೊದಲ ತುತ್ತಿಗೇ ಹೇಳಿಬಿಡುತ್ತಿದ್ದರು. ನಾನು ಬಿ.ಎ., ಬಿ.ಎಡ್. ಮುಗಿಸಿದವಳು. ಊರಲ್ಲಿ ಹೊಸದಾಗಿ ತೆರೆದಿದ್ದ ಒಂದು ಖಾಸಗಿ ಶಾಲೆಯ ಹೆಡ್ ಮೇಡಂ ನನ್ನನ್ನು ಕರೆಸಿ ಮಾತಾಡಿ, ಜೂನ್‌ನಲ್ಲಿ ಬಂದು ಸೇರಿಕೊಳ್ಳಿ ಎಂದಿದ್ದರು. ಮಗ ರಾಘು ಎರಡನೆಯ ಇಯತ್ತೆಗೆ ಬಂದಿದ್ದ, ಮಗಳು ವಾಣಿ ಆ ವರ್ಷವೇ ಒಂದನೆಯದಕ್ಕೆ ಸೇರುವವಳಿದ್ದಳು. ಇಬ್ಬರೂ ಹೊರಬಿದ್ದರೆ ನಾನೂ ಹೊರಬೀಳಬಹುದು ಎಂದು ಆ ಜೂನ್‌ಗಾಗಿ ನಾನು ಎಷ್ಟೋ ವರ್ಷದಿಂದ ಕಾದಿದ್ದೆ. ಎರಡು ವಾಯಿಲ್ ಸೀರೆಗೆ ಗಂಜಿಯನ್ನೂ ಹಾಕಿಟ್ಟಿದ್ದೆ.

ಶಾಲೆ ಶುರುವಾದ ಮೊದಲ ವಾರದಲ್ಲೇ ಒಂದು ರಾತ್ರಿ ನಮ್ಮವರು ಮಗನನ್ನು ಕೇಳಿದರು, "ಇವತ್ತ ಸಾಲ್ಯಾಗ ಏನು ಕಲಿಸಿದ್ರೋ?"

"ಚಪ್ಪಲಿ ಕಾಯೋದು," ಎಂದ ರಾಘು.

ವಿಚಾರಿಸಿದಾಗ ತಿಳಿದದ್ದು ಇಷ್ಟು. ಅವನ ತರಗತಿಯಲ್ಲಿ ಮಕ್ಕಳು ಹಿಡಿಸದೆ ಸಾಲು ಬಾಗಿಲ ತನಕ ಬಂದಿತ್ತು. ಬಾಗಿಲಾಚೆ ಎಲ್ಲರ ಚಪ್ಪಲಿ. ಇವನ ಬಾಯಿ ಸುಮ್ಮನಿರುವುದಿಲ್ಲವೆಂದು ಅವರ ಸರ್ ಇವನನ್ನು ಹೊಸ್ತಿಲ ಹತ್ತಿರ ಕೂರಿಸಿ, ನಾಯಿ ಚಪ್ಪಲಿ ಒಯ್ಯದಂತೆ ನೋಡಿಕೋ ಎಂದು ಜವಾಬ್ದಾರಿ ಹೊರಿಸಿದ್ದರು. ಮಗನಿಗೆ ಅದರಲ್ಲಿ ಹೆಮ್ಮೆಯೇ ಇತ್ತು. ಅಪ್ಪನ ಕೈಯ ತುತ್ತು ಮಾತ್ರ ಅಲ್ಲೇ ನಿಂತಿತು. ಯಾವುದೋ ವಾರಪತ್ರಿಕೆಯಲ್ಲಿ, ಹೊರದೇಶದ ಬುದ್ಧಿವಂತರು ಮಕ್ಕಳಿಗೆ ಮನೆಯಲ್ಲೇ ಪಾಠ ಹೇಳುತ್ತಾರೆಂದು ಅವರು ಹಿಂದಿನ ವಾರವಷ್ಟೇ ಓದಿದ್ದರು.

"ನಾಳಿಂದ ಇಬ್ಬರೂ ಸಾಲಿಗೆ ಹೋಗೋದು ಬ್ಯಾಡ. ಮನ್ಯಾಗೇ ಕಲಿಸೋಣ."

"ಹೊಸಾ ಸಾಲಿ ಅದ ಅಲ್ಲರಿ," ಎಂದೆ ನಾನು. "ನಂಗೂ ಅಲ್ಲೇ ಬಾ ಅಂದಾರ. ಇಬ್ಬರನ್ನೂ ನಾನೇ ಕರಕೊಂಡು ಹೋಗಿ ಕರಕೊಂಡು ಬರ್ತೀನಿ."

"ಎಲ್ಲಾ ಸಾಲಿ ಹಣೇಬಾರಾನೂ ಅಷ್ಟೇ. ಊರ ಮಕ್ಕಳಿಗೆಲ್ಲಾ ಕಲಿಸ್ತೀನಿ ಅನ್ನಾಕಿ, ಸ್ವಂತ ಮಕ್ಕಳಿಗೆ ಕಲಿಸ್ಲಿಕ್ಕೆ ಯಾಕ ಹಿಂದಮುಂದ ನೋಡ್ತಿ?"

ನಾನು ಮಜ್ಜಿಗೆ ಬಡಿಸಿದೆ.

ಹೀಗೆ ನಮ್ಮ ಶಾಲೆ ತೆರೆಯಿತು. ಕಟ್ಟಡಕ್ಕೆ ಕ್ವಾರ್ಟರ್ಸ್ ಇತ್ತು, ಗಂಟೆಗೆ ಕಾರ್ಖಾನೆ ಊದುವ ಭೋಂಗಾ ಇತ್ತು, ಕರಿಹಲಗೆ ಮಾತ್ರ ಇರಲಿಲ್ಲ. ಆದರೆ ನಮ್ಮ ಕಡೆ ಬಡವರ ಮನೆಗೂ ಶಹಾಬಾದ್ ಕಲ್ಲಿನ ಫರಸಿ ಇರುತ್ತದಲ್ಲ, ಒರೆಸಿ ಒರೆಸಿ ನುಣುಪಾದ ಆ ನೆಲಕ್ಕಿಂತ ಒಳ್ಳೆಯ ಹಲಗೆ ಯಾವ ಸರಕಾರವೂ ಕೊಡಲಾರದು. ಬಳಪ ಹಿಡಿದು ಪಡಸಾಲೆಯ ತುಂಬ ಒತ್ತಕ್ಷರ, ನಡುಮನೆಯ ತುಂಬ ಮಗ್ಗಿ ಬರೆಸಿದೆ. ಮೊದಲ ದಿನವೇ ಅತ್ತೆ ಸ್ನಾನ ಮುಗಿಸಿ ಬಂದವರು ಬಚ್ಚಲ ಬಾಗಿಲಲ್ಲೇ ನಿಂತುಬಿಟ್ಟರು.

"ಸುಧಾ, ಸರಸ್ವತಿ ಮ್ಯಾಲ ಕಾಲಿಟ್ಟು ಹೋಗ್ಲೇನು? ದೇವರ ಮನಿಗೆ ಹ್ಯಾಂಗ ಹೋಗ್ಬೇಕು ನಾ?"

ಅಂದಿನಿಂದ ದಾರಿಗೆ ಅಡ್ಡ ಬಂದ ಸರಸ್ವತಿಯನ್ನು ದಿನಾ ಬೆಳಿಗ್ಗೆ ಅವರೇ ಒದ್ದೆ ಬಟ್ಟೆಯಲ್ಲಿ ಒರೆಸುತ್ತಿದ್ದರು. ಬಚ್ಚಲಿನಿಂದ ದೇವರ ಮನೆಗೆ ಹೋಗುವ ದಾರಿಯಲ್ಲಿ ಇದ್ದದ್ದು ಏಳರ ಮಗ್ಗಿ. ನನ್ನ ಮಕ್ಕಳಿಬ್ಬರೂ ಈಗ ದೊಡ್ಡವರಾಗಿದ್ದಾರೆ, ಲೆಕ್ಕದಲ್ಲಿ ಜಾಣರು ಎನಿಸಿಕೊಂಡಿದ್ದಾರೆ. ಏಳೆಂಟಲೆ ಎಂದು ಕೇಳಿದರೆ ಮಾತ್ರ ಇಬ್ಬರೂ ಒಂದು ಗಳಿಗೆ ನೆಲ ನೋಡುತ್ತಾರೆ.

ನೆಲದ್ದು ಹಾಗಿರಲಿ, ನಿಜವಾದ ಫಜೀತಿ ಮಡಿಯದು. ನಮ್ಮದು ವೈಷ್ಣವರ ಮನೆ. ಮಿಂದು, ಯಾರೂ ಮುಟ್ಟದ ಬಟ್ಟೆ ಉಟ್ಟು ಒಲೆ ಹೊತ್ತಿಸಿದರೆ ಅಡುಗೆ ಮುಗಿದು ದೇವರ ನೈವೇದ್ಯ ಆಗುವವರೆಗೆ ನಾನು ಯಾರನ್ನೂ ಮುಟ್ಟುವಂತಿಲ್ಲ, ನನ್ನನ್ನು ಯಾರೂ ಮುಟ್ಟುವಂತಿಲ್ಲ. ಮಕ್ಕಳ ಬುದ್ಧಿ ಚುರುಕಾಗಿರುವ ಹೊತ್ತೂ ಅದೇ. ಹಾಗಾಗಿ ಅಡುಗೆಮನೆಯ ಹೊಸ್ತಿಲಾಚೆ ಅವರು, ಈಚೆ ನಾನು. ಅವರು ಪಾಟಿಯನ್ನು ಎತ್ತಿ ಹಿಡಿಯಬೇಕು, ನಾನು ಒಗ್ಗರಣೆ ಹೊಗೆಯಲ್ಲಿ ಕಣ್ಣು ಕಿರಿದು ಮಾಡಿ ತಪ್ಪು ಹುಡುಕಬೇಕು. ಬೋಧನಾ ವಿಧಾನಗಳ ಬಗ್ಗೆ ಕಾಲೇಜಿನಲ್ಲಿ ಎಷ್ಟೋ ಓದಿದ್ದೆ, ಈ ವಿಧಾನ ಅದರಲ್ಲಿರಲಿಲ್ಲ. ಎರಡೇ ದಿನದಲ್ಲಿ ರಾಘು ಮಡಿಯ ಮರ್ಮ ಹಿಡಿದ. ತಂಗಿಯ ಜಡೆ ಎಳೆದ, ಪಾಟಿಗೆ ಉಗುಳಿ ಒರೆಸಿದ, ನಾನು ಕಣ್ಣು ಕೆಂಪು ಮಾಡಿದರೆ ಹೊಸ್ತಿಲಿಗೆ ಹೆಬ್ಬೆರಳು ತಾಗಿಸಿ ನಿಂತು, "ಹೊಡಿ ನೋಡೋಣ, ಮಡಿ ಹೋಗ್ತದ," ಎಂದ. ಲಟ್ಟಣಿಗೆ ಚಾಚಿದರೆ ಲಟ್ಟಣಿಗೆಗೂ ಮೈಲಿಗೆ. ಎಲ್ಲವನ್ನೂ ಮನಸ್ಸಿನಲ್ಲಿ ಇಟ್ಟುಕೊಂಡು ನೈವೇದ್ಯ ಮುಗಿಯಲಿ ಎಂದು ಕಾಯುತ್ತಿದ್ದೆ. ಅಷ್ಟರಲ್ಲಿ ಯಾವ ತಪ್ಪಿಗೆ ಎಷ್ಟು ಎಂಬುದು ಮರೆತುಹೋಗಿ, ಅಂದಾಜಿನ ಮೇಲೆ ಇಬ್ಬರಿಗೂ ಒಂದೊಂದು ಕೊಡುತ್ತಿದ್ದೆ. ವಾಣಿ ಪಾಪ ಏನೂ ಮಾಡದೆಯೇ ಎಷ್ಟೋ ಸಲ ಪೆಟ್ಟು ತಿಂದಿದ್ದಾಳೆ.

ಏಕಾದಶಿಗೆ ಅಡುಗೆಯಿಲ್ಲ, ಆದ್ದರಿಂದ ಅವತ್ತು ಇಡೀ ದಿನ ಪಾಠ ಮಾಡಬಹುದೆಂದು ನಾನು ಲೆಕ್ಕ ಹಾಕಿದ್ದೆ. ಒಲೆಗೆ ರಜೆ ಎಂದರೆ ಶಾಲೆಗೂ ರಜೆ ಎಂಬುದು ಮಕ್ಕಳ ವಾದ. ಅಜ್ಜಿ ಅವರ ಪರವಾಗಿ ನಿಂತರು. ಮರುದಿನ ದ್ವಾದಶಿ, ಬೆಳಗಾಗುವ ಮುನ್ನವೇ ಅಡುಗೆ, ಉಂಡ ಮಕ್ಕಳು ನಿದ್ದೆ. ಒಟ್ಟಿನಲ್ಲಿ ಪಂಚಾಂಗ ನೋಡಿ ನಡೆಯುತ್ತಿದ್ದ ಶಾಲೆ ನಮ್ಮದು.

ನಮ್ಮವರು ಏನು ಮಾಡುತ್ತಿದ್ದರು ಎಂದು ಕೇಳಬೇಡಿ. ಅವರು ತಮ್ಮನ್ನು ತಾವೇ ಇನ್ಸ್‌ಪೆಕ್ಟರರನ್ನಾಗಿ ನೇಮಿಸಿಕೊಂಡಿದ್ದರು. ಸಂಜೆ ಬಂದು, ಮೈಮೇಲಿನ ಧೂಳು ತೊಳೆದುಕೊಂಡು, ಚಹಾ ಕುಡಿಯುತ್ತ ಮಕ್ಕಳನ್ನು ಎದುರು ನಿಲ್ಲಿಸಿ ಎರಡು ಪ್ರಶ್ನೆ ಕೇಳುವರು. ಸರಿಯಾದ ಉತ್ತರ ಬಂದರೆ, "ನೋಡು, ನಮ್ಮ ಮಕ್ಕಳು ಹ್ಯಾಂಗ ಶಾಣ್ಯಾ ಆಗ್ಲಿಕತ್ತಾರ." ತಪ್ಪು ಉತ್ತರ ಬಂದರೆ, "ಏನು ಕಲಿಸ್ತಿ ನೀ ದಿನಾ?" ಬಂದ ಅತಿಥಿಗಳಿಗೆಲ್ಲ, ನಾವೊಂದು ಪ್ರಯೋಗ ನಡೆಸಿದ್ದೇವೆ ಎಂದು ಹೇಳುವರು. ಅತಿಥಿಗಳು ಅವರನ್ನು ಮೆಚ್ಚಿ ನೋಡುತ್ತಿದ್ದಾಗ ನಾನು ಅವಲಕ್ಕಿ ಹಚ್ಚುತ್ತಿದ್ದೆ. ಸಿಟ್ಟು ಬರುತ್ತಿರಲಿಲ್ಲವೇ ಎಂದರೆ, ಬರುತ್ತಿತ್ತು. ಅವಲಕ್ಕಿಗೆ ಖಾರ ಹೆಚ್ಚಾಗುತ್ತಿತ್ತು.

ಪಕ್ಕದ ಮನೆಯ ಶರಣಮ್ಮ ಒಳ್ಳೆಯ ಹೆಂಗಸು. ತನ್ನ ಮೂವರು ಮಕ್ಕಳಿಗೂ ಡಬ್ಬಿ ಕಟ್ಟಿ ಶಾಲೆಗೆ ಅಟ್ಟಿ, ಕಟ್ಟೆಯ ಮೇಲೆ ಕಾಲು ಚಾಚಿ ಕೂರುವಾಗ ಅವಳ ಮುಖದಲ್ಲಿ ಇರುತ್ತಿದ್ದ ಶಾಂತಿ ನೋಡಿ ನನಗೆ ಹೊಟ್ಟೆ ಉರಿಯುತ್ತಿತ್ತು. ಮೊದಮೊದಲು, "ಯಾಕ್ರಿ ವೈನಿ, ಹುಡುಗ್ರು ಸಾಲಿಗಿ ಹೋಗಲ್ಲಲ್ಲ, ಏನರ ಜಡ್ಡದೇನ್ರಿ?" ಎಂದು ಮರುಗಿದಳು. ಒಂದು ಮಧ್ಯಾಹ್ನ ನಗುತ್ತ ಬಂದಳು. ಅವತ್ತು ಬೆಳಿಗ್ಗೆ ಕಳೆಯುವ ಲೆಕ್ಕಕ್ಕೆ ವಾಣಿಗೆ ಜೋರಾಗಿಯೇ ಹೊಡೆದಿದ್ದೆ.

"ವೈನಿ, ನಿಮ್ಮ ವಾಣಿ ನಮ್ಮನಿಗಿ ಬಂದು ಅಳ್ಳಿಕತ್ತಿದ್ಳರಿ. ನಮ್ಮ ಟೀಚರ್ ಭಾಳ ಹೊಡೀತಾಳ ಅಂದ್ಳು. ಯಾರವ್ವಾ ನಿಮ್ಮ ಟೀಚರ್ ಅಂದ್ರ, ಅಮ್ಮ ಅಂತ ನೋಡ್ರಿ."

ನಾನೂ ನಕ್ಕೆ. ಅವಳು ಹೋದ ಮೇಲೆ ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತುಬಿಟ್ಟೆ. ಶಾಲೆಯಲ್ಲಿ ಪೆಟ್ಟು ತಿಂದ ಮಗು ಮನೆಗೆ ಓಡಿ ಬಂದು ತಾಯಿಗೆ ಹೇಳುತ್ತದೆ, ತಾಯಿ ಆ ಟೀಚರಿಗೆ ಬೈದು ಬೆಲ್ಲದ ಚೂರು ಕೈಗಿಡುತ್ತಾಳೆ. ನನ್ನ ಮಗಳಿಗೆ ಹಾಗೆ ಹೇಳಿಕೊಳ್ಳಲು ಪಕ್ಕದ ಮನೆಗೆ ಹೋಗಬೇಕಾಯಿತು. ಕೆಲಸವನ್ನಂತೂ ಕಳೆದುಕೊಂಡಿದ್ದೆ, ತಾಯಿಯ ಜಾಗವೂ ಹೋಗುತ್ತಿದೆ ಎನಿಸಿ ನನಗೆ ಅವತ್ತು ಹೆದರಿಕೆಯಾಯಿತು. ಆ ಹೊಸ ಶಾಲೆಯ ಹೆಡ್ ಮೇಡಂ ಮೊದಲ ವರ್ಷ ಎರಡು ಸಲ ಹೇಳಿಕಳಿಸಿದ್ದರು, ಮರುವರ್ಷ ಒಮ್ಮೆ. ಆಮೇಲೆ ಹೇಳಿಕಳಿಸಲಿಲ್ಲ.

ಶಾಲೆ ತೆರೆದದ್ದು ಊಟದಲ್ಲಿ ಎಂದೆನಲ್ಲ, ಮುಚ್ಚಿದ್ದೂ ಊಟದಲ್ಲೇ. ಮೂರು ವರ್ಷವಾಗಿತ್ತು. ಚಿತ್ತಾಪುರದಲ್ಲಿ ನಮ್ಮವರ ದೊಡ್ಡಪ್ಪನ ಮೊಮ್ಮಗನ ಮುಂಜಿವೆ. ಪಂಕ್ತಿಯಲ್ಲಿ ಪಕ್ಕಕ್ಕೆ ಕುಳಿತ ಹಿರಿಯರೊಬ್ಬರು, ನಿವೃತ್ತ ಹೆಡ್‌ಮಾಸ್ತರರು, ರಾಘುವನ್ನು ಮಾತಾಡಿಸಿದರು.

"ಎಷ್ಟನೇ ಇಯತ್ತೆ ಓದ್ಲಿಕತ್ತೀಯಪಾ?"

"ನಮ್ಮಲ್ಲಿ ಹಂಗೇನಿಲ್ಲರಿ ಅಜ್ಜಾ," ಎಂದ ಮಗ. "ಅಮ್ಮ ಸಮಾಧಾನ ಇದ್ರ ಐದನೇದು. ಸಿಟ್ಟು ಬಂದ್ರ ಒಂದನೇದಕ್ಕ ಹಚ್ಚಬೇಕು ನಿನ್ನ ಅಂತಾಳ."

ಪಂಕ್ತಿಗೆ ಪಂಕ್ತಿಯೇ ನಕ್ಕಿತು. ಹೋಳಿಗೆ ಬಡಿಸುತ್ತಿದ್ದವರೂ ನಿಂತು ನಕ್ಕರು. ನಮ್ಮವರು ನಗಲಿಲ್ಲ. ರೈಲಿನಲ್ಲಿ ವಾಡಿಗೆ ಮರಳುವಾಗ ಕಿಟಕಿಯಾಚೆ ಕಲ್ಲಿನ ಗಣಿಗಳನ್ನು ನೋಡುತ್ತ, "ಮಕ್ಕಳಿಗೆ ನಾಕು ಮಂದ್ಯಾಗ ಇದ್ದು ರೂಢಿ ಆಗಬೇಕು. ಈ ವರ್ಷ ಸಾಲಿಗೆ ಹಾಕಬೇಕು," ಎಂದರು. ಸಾಲಿಗೆ ಹಾಕುವ ಮಾತನ್ನು ಮೂರು ವರ್ಷದ ಹಿಂದೆಯೇ ನಾನು ಆಡಿದ್ದೆ ಎಂದು ನೆನಪಿಸಲು ಬಾಯಿ ತೆರೆದೆ. ವಾಣಿಗೆ ವಾಂತಿ ಬಂತು, ಅದನ್ನು ನೋಡಬೇಕಾಯಿತು.

ಹಾಕಲು ಹೊರಟದ್ದು ಅದೇ ಹೊಸ ಶಾಲೆಗೆ. ನಾನು ಗಂಜಿ ಹಾಕಿದ ಸೀರೆ ಉಟ್ಟೆ. ಬ್ಯಾಗಿನಲ್ಲಿ ಬಿ.ಎಡ್. ಸರ್ಟಿಫಿಕೇಟು ಇಟ್ಟುಕೊಂಡೆ. ಯಾರಿಗೂ ಹೇಳಲಿಲ್ಲ. ಮಕ್ಕಳ ಕೆಲಸ ಮುಗಿದ ಮೇಲೆ, ಜಾಗ ಖಾಲಿ ಇದೆಯೇ ಎಂದು ಮೇಡಂ ಅವರನ್ನು ಕೇಳಿಬಿಡಬೇಕು, ಇಷ್ಟೇ. ದಾರಿಯುದ್ದಕ್ಕೂ ಆ ಒಂದು ವಾಕ್ಯವನ್ನೇ ಉರುಹೊಡೆದೆ.

ಹೆಡ್ ಮೇಡಂ ನನ್ನ ಮುಖ ನೋಡಿ, "ಎಲ್ಲೋ ನೋಡಿದಂಗದ," ಎಂದರು. ಅಷ್ಟರಲ್ಲಿ ನಮ್ಮವರು ಕುರ್ಚಿ ಮುಂದಕ್ಕೆಳೆದು, "ಮೂರು ವರ್ಷ ಮನ್ಯಾಗೇ ಓದಿಸೀನ್ರಿ. ನೀವೇ ಪರೀಕ್ಷಾ ಮಾಡ್ರಿ," ಎಂದರು. ಮೇಡಂ ಪರೀಕ್ಷೆ ಮಾಡಿದರು. ರಾಘು ನಿಲ್ಲದೆ ಓದಿದ. ವಾಣಿ ಕಳೆಯುವ ಲೆಕ್ಕವನ್ನೂ ಸಲೀಸಾಗಿ ಮಾಡಿದಳು. ಪುಣ್ಯಕ್ಕೆ ಏಳರ ಮಗ್ಗಿ ಕೇಳಲಿಲ್ಲ.

"ಭಾಳ ಕಷ್ಟಪಟ್ಟೀರಿ ಬಿಡ್ರಿ," ಎಂದರು ಮೇಡಂ ನಮ್ಮವರಿಗೆ.

"ನಮ್ಮ ಮಕ್ಕಳಿಗೆ ನಾವು ಮಾಡ್ಲಿಲ್ಲಂದ್ರ ಯಾರು ಮಾಡ್ತಾರ್ರಿ?" ಎಂದು ನಮ್ಮವರು ನಾಚಿಕೊಂಡರು.

ಮೇಡಂ ವಾಣಿಯನ್ನು ಹತ್ತಿರ ಕರೆದು, "ನಿಮ್ಮ ಅಮ್ಮನ ಬಗ್ಗೆ ನಾಕು ಮಾತು ಹೇಳು ನೋಡೋಣ," ಎಂದರು. ನನ್ನ ಕಿವಿ ನೆಟ್ಟಗಾಯಿತು. ಮಗಳು ಕೈ ಕಟ್ಟಿ, ಗೋಡೆ ನೋಡುತ್ತ, ಒಂದೇ ಉಸಿರಿಗೆ ಒಪ್ಪಿಸಿದಳು: "ನನ್ನ ತಾಯಿಯ ಹೆಸರು ಸುಧಾ. ಅವಳು ಮನೆಯಲ್ಲಿ ಇರುತ್ತಾಳೆ. ಅವಳು ರುಚಿಯಾದ ಅಡುಗೆ ಮಾಡುತ್ತಾಳೆ. ಅವಳು ನಮ್ಮನ್ನು ದಿನಾಲೂ ಶಾಲೆಗೆ ಕಳಿಸುತ್ತಾಳೆ."

ಮೂರು ವರ್ಷ ಶಾಲೆಯ ಮೆಟ್ಟಿಲನ್ನೇ ಹತ್ತದ ಮಗು. ಮೇಡಂ ನಕ್ಕರು, ನಮ್ಮವರೂ ನಕ್ಕರು. ಮಗಳ ಮೇಲೆ ಸಿಟ್ಟಾಗಲು ನನಗೆ ಮುಖವಿರಲಿಲ್ಲ. ಆ ನಾಲ್ಕು ವಾಕ್ಯಗಳನ್ನು ಬರೆಸಿದವಳು ನಾನೇ. ನಾನು ಸೇಡಂನಲ್ಲಿ ಓದುವಾಗ ನಮ್ಮ ಟೀಚರ್ ಹಲಗೆಯ ಮೇಲೆ ಬರೆದಿದ್ದ 'ನನ್ನ ತಾಯಿ' ಎಂಬ ಪ್ರಬಂಧವನ್ನು ಹೆಸರು ಮಾತ್ರ ಬದಲಿಸಿ, ಒಂದು ಬೆಳಿಗ್ಗೆ ಹಿಟ್ಟು ನಾದುತ್ತ, ಹೊಸ್ತಿಲ ಈಚೆಯಿಂದ ಹೇಳಿ ಬರೆಸಿದ್ದೆ. ಬಾಯಿಪಾಠವಾಗುವವರೆಗೆ ಬಿಟ್ಟಿರಲಿಲ್ಲ. ಅವಳು ನಮಗೆ ಪಾಠ ಹೇಳುತ್ತಾಳೆ ಎಂಬ ಐದನೆಯ ವಾಕ್ಯ ಸೇರಿಸಬಹುದೆಂದು ನಮ್ಮವರಿಗೆ ಹೊಳೆಯದಿದ್ದದ್ದು ಹೋಗಲಿ, ನನಗೂ ಹೊಳೆದಿರಲಿಲ್ಲ.

"ಛಲೋ ತಯಾರು ಮಾಡೀರಿ. ಇಬ್ಬರನ್ನೂ ತಗೋತೀವಿ," ಎಂದು ಮೇಡಂ ನಮ್ಮವರಿಗೆ ಹೇಳಿ, ಕಡೆಗೆ ನನ್ನತ್ತ ತಿರುಗಿದರು. "ನಿಮ್ಮದೇನರ ಕೇಳೋದದೇನ್ರಿ?"

ಕೈ ಬ್ಯಾಗಿನ ಗುಂಡಿಯ ಮೇಲೆಯೇ ಇತ್ತು. ಉರುಹೊಡೆದ ವಾಕ್ಯ ಗಂಟಲವರೆಗೂ ಬಂದಿತ್ತು. ನಮ್ಮವರು, ಮಕ್ಕಳು, ಮೇಡಂ, ಎಲ್ಲರೂ ನನ್ನನ್ನೇ ನೋಡುತ್ತಿದ್ದರು.

"ಸಾಲಿ ಎಷ್ಟಕ್ಕ ಬಿಡ್ತದರಿ?" ಎಂದು ಕೇಳಿದೆ.

ಬಿ.ಎಡ್.ನಲ್ಲಿ ನಮಗೆ 'ಪ್ರಶ್ನೆ ಕೇಳುವ ಕೌಶಲ' ಎಂದೇ ಒಂದು ಅಭ್ಯಾಸವಿತ್ತು. ಅದರಲ್ಲಿ ಇಡೀ ತರಗತಿಗೆ ನಾನೇ ಮೊದಲಿಗಳಾಗಿದ್ದೆ.