ಅಕ್ಕನ ಮುಂದೆ ಅರವತ್ತು ಹರ್ಟ್ಸ್

ಅಕ್ಕನನ್ನು ಸೋಲಿಸಿಯೇ ತೀರುತ್ತೇನೆ, ಅದೂ ಅದೇ ಹಳೆಯ ಆಟದಲ್ಲಿ, ಅದೇ ಬಗೆಯ ಹಳೆಯ ಪರದೆಯ ಮೇಲೆ ಎಂದು ನಾನು ಊಟದ ಮೇಜಿನಿಂದ ಎದ್ದು ನಿಂತು ಘೋಷಿಸಿದೆ. ಕೈಯಲ್ಲಿ ಚಮಚ ಇತ್ತು. ಖಡ್ಗ ಇದ್ದಿದ್ದರೆ ಅದನ್ನೇ ಎತ್ತುತ್ತಿದ್ದೆ!

"ಚಮಚ ಕೆಳಗಿಡಿ, ಚೆಲ್ತಾ ಇದೆ" ಅಂದಳು ಹೆಂಡತಿ.

ವಿಷಯ ಇಷ್ಟು. ನನಗೆ ಹನ್ನೆರಡು, ಅಕ್ಕನಿಗೆ ಹದಿನಾಲ್ಕು ಇದ್ದಾಗ ನಮ್ಮ ಬೀದಿಯ ಕ್ಯಾಸೆಟ್ ಅಂಗಡಿಯ ಮೂಲೆಯಲ್ಲಿ ಬೀರುವಿನಷ್ಟು ದೊಡ್ಡ ವಿಡಿಯೋ ಗೇಮ್ ಯಂತ್ರವೊಂದಿತ್ತು. ಪರದೆಯ ಮೇಲ್ಗಡೆ ಐದು ಕೊಳವೆ. ಯಾವುದೋ ಒಂದರಿಂದ ಜೀರುಂಡೆ ಬೀಳುತ್ತದೆ, ನಾವು ಬುಟ್ಟಿ ಓಡಿಸಿ ಅದನ್ನು ಹಿಡಿಯಬೇಕು. ಮೂರು ತಪ್ಪಿಸಿಕೊಂಡರೆ ಆಟ ಮುಗಿಯಿತು. ಆ ಯಂತ್ರದ ಮುಂದೆ ಅಕ್ಕ ನನ್ನನ್ನು ಸೋಲಿಸದ ದಿನವೇ ಇಲ್ಲ. ನನ್ನದು ಒಂದೇ ಸಮಜಾಯಿಷಿ: "ಸ್ಕ್ರೀನ್ ಮಿಟುಕುತ್ತೆ, ನಂಗೆ ಸರಿಯಾಗಿ ಕಾಣಲ್ಲ." ಈ ಮಾತನ್ನು ಇಪ್ಪತ್ತಾರು ವರ್ಷ ಹೇಳಿಕೊಂಡು ಬಂದಿದ್ದೇನೆ. ಅಕ್ಕನ ಮದುವೆಯಲ್ಲಿ ಗಂಡಿನ ಕಡೆಯವರನ್ನು ಕೂರಿಸಿಕೊಂಡೂ ಹೇಳಿದ್ದೇನೆ.

ಈಗ ಅಕ್ಕ ಹಲ್ಲಿನ ಡಾಕ್ಟರು. ನಾನು ಕನ್ನಡಕದ ಅಂಗಡಿ ಇಟ್ಟುಕೊಂಡು ದಿನಕ್ಕೆ ಹತ್ತು ಜನರ ಕಣ್ಣು ಪರೀಕ್ಷಿಸುವವನು. ಆ ಆಟವನ್ನು ಕಂಪ್ಯೂಟರಿನಲ್ಲೇ ಆಡಿಸುವ ಎಮ್ಯುಲೇಟರ್ ಎಂಬ ತಂತ್ರಾಂಶ ಸಿಕ್ಕ ದಿನವೇ ಅಕ್ಕನಿಗೆ ಫೋನ್ ಮಾಡಿ ಪಂಥಕ್ಕೆ ಕರೆದೆ.

"ಬರೋ ತಿಂಗಳು ಮೊದಲ್ನೇ ಭಾನುವಾರ ನಾಲ್ಕು ಗಂಟೆಗೆ ಬರ್ತೀನಿ" ಅಂದಳು. "ಆದ್ರೆ ಸ್ಕ್ರೀನ್ ಸರಿ ಇರ್ಬೇಕು. ಆಮೇಲೆ ಮಿಟುಕ್ತು ಗಿಟುಕ್ತು ಅನ್ನೋ ಹಾಗಿಲ್ಲ. ಸೋತ್ರೆ ಎಲ್ಲರ ಮುಂದೆ 'ಇಷ್ಟು ವರ್ಷ ಬರೀ ನೆಪ ಹೇಳ್ದೆ, ತಪ್ಪಾಯ್ತು' ಅನ್ಬೇಕು."

"ನೀನು ಸೋತ್ರೆ?"

"ಅದನ್ನ ಯೋಚ್ನೆ ಮಾಡಿಲ್ಲ ಕಣೋ."

ಈ ಮಾತು ಕೇಳಿ ನನ್ನ ಮೈಯೆಲ್ಲ ಉರಿಯಿತು. ಮಾರನೆಯ ದಿನವೇ ನಮ್ಮ ಅಂಗಡಿಯ ಪಕ್ಕದ ಛಾಪಖಾನೆಯವರು ಮೂಲೆಗೆ ತಳ್ಳಿದ್ದ ಹಳೆಯ ದಪ್ಪ ಮಾನಿಟರನ್ನು ಬೇಡಿ ತಂದೆ. ಅದನ್ನು ಮೂರು ಮಹಡಿ ಹತ್ತಿಸುವಷ್ಟರಲ್ಲಿ ನನ್ನ ಸೊಂಟ ಕೈಕೊಟ್ಟಿತು. ಹೆಂಡತಿ ಶಾಲಾ ಶಿಕ್ಷಕಿ. ಮನೆಯ ಕಂಪ್ಯೂಟರ್ ಅವಳದು. ಅದಕ್ಕೇ ಈ ಎರಡನೇ ಪರದೆಯನ್ನೂ ಜೋಡಿಸಿದೆ.

"ಇದೇನ್ರೀ, ಇದರ ಹಿಂಭಾಗವೇ ಒಂದು ರೂಮಿನಷ್ಟಿದೆ?"

"ನಾಲ್ಕೇ ವಾರ ಕಣೇ. ಕಣ್ಣಿನ ವ್ಯಾಪಾರದವನಿಗೆ ಪರದೆ ಯಾವ ಲೆಕ್ಕ?"

ಲೆಕ್ಕಕ್ಕೇ ಬಂತು. ಪರದೆಯ ಮೇಲೆ ಎಷ್ಟು ಚುಕ್ಕಿ ಎಂಬುದು ರೆಸಲ್ಯೂಶನ್, ಸೆಕೆಂಡಿಗೆ ಎಷ್ಟು ಸಲ ಚಿತ್ರ ಹೊಸದಾಗಿ ಮೂಡುತ್ತದೆ ಎಂಬುದು ರಿಫ್ರೆಶ್ ರೇಟ್. ಸ್ಪಷ್ಟ ದೃಷ್ಟಿಯನ್ನೇ ಮಾರಿ ಬದುಕುವ ನಾನು ಎರಡನ್ನೂ ತುತ್ತತುದಿಗೆ ಏರಿಸಿದೆ. ಇಡೀ ಆಟ ಪರದೆಯ ನಟ್ಟನಡುವೆ ಅಂಚೆಚೀಟಿಯಷ್ಟಾಗಿ ಕೂತಿತು. ಸೆಕೆಂಡಿಗೆ ಅರವತ್ತು ಚಿತ್ರದ ಲೆಕ್ಕದಲ್ಲಿ ಹುಟ್ಟಿದ ಜೀರುಂಡೆಗಳು ಎಪ್ಪತ್ತೈದರ ವೇಗಕ್ಕೆ ಸಿಕ್ಕಿ ಬಿದ್ದಂಬೀಳ ಸುರಿದವು. ಬುಟ್ಟಿ ಅಲ್ಲಾಡಿಸುವ ಮೊದಲೇ ಮೂರೂ ಹೋಗಿದ್ದವು.

ಚಿತ್ರ ಚಿಕ್ಕದಾಗಿ ಕಂಡರೆ ಬೇರೆಯವರು ಸೆಟ್ಟಿಂಗ್ ಬದಲಿಸುತ್ತಾರೆ. ನಾನು ಅಂಗಡಿಯಿಂದ ಮಸೂರಗಳ ಪೆಟ್ಟಿಗೆ ತಂದೆ. ಪರದೆಯ ಮುಂದೆ ಒಂದೊಂದೇ ಗಾಜು ಹಿಡಿದು ಹೆಂಡತಿಯನ್ನು ಕೇಳಿದೆ:

"ಇದರಲ್ಲಿ ಚೆನ್ನಾಗಿದೆಯಾ, ಇಲ್ಲಾ ಇದರಲ್ಲಾ?"

"ಎರಡರಲ್ಲೂ ನಿಮ್ಮ ಮುಖವೇ ಕಾಣ್ತಿದೆ."

ಬುದ್ಧಿ ಬಂದು ಅಸಲಿ ಯಂತ್ರದ ಲೆಕ್ಕಕ್ಕೇ ಇಳಿದೆ: ಚಿತ್ರಕ್ಕೆ ಇನ್ನೂರ ನಲವತ್ತು ಅಡ್ಡಗೆರೆ, ಅರವತ್ತು ಹರ್ಟ್ಸ್, ಅಂದರೆ ಸೆಕೆಂಡಿಗೆ ಅರವತ್ತು ಚಿತ್ರ. ಮಾನಿಟರ್ ಕುಂಯ್ಯೆಂದು ಅತ್ತು, 'ವ್ಯಾಪ್ತಿ ಮೀರಿದೆ' ಎಂದು ತೋರಿಸಿ ಕಪ್ಪಾಯಿತು. ಅಷ್ಟು ಕಡಿಮೆ ಗೆರೆ ಎಳೆಯುವುದು ಕಂಪ್ಯೂಟರಿನ ಮಾನಿಟರಿಗೆ ಬರುವುದೇ ಇಲ್ಲವಂತೆ. ಇದನ್ನು ಪತ್ತೆ ಹಚ್ಚಲು ಎರಡು ವಾರ ಹಿಡಿಯಿತು. ಆ ಎರಡು ವಾರ ತಲೆಯಲ್ಲಿ ಬೇರೇನೂ ಇರಲಿಲ್ಲ. ಅಂಗಡಿಗೆ ಬಂದ ನಿವೃತ್ತ ಪೋಸ್ಟ್‌ಮಾಸ್ಟರರೊಬ್ಬರ ಕಣ್ಣು ನೋಡಿ "ನಿಮ್ಮ ರಿಫ್ರೆಶ್ ರೇಟ್ ಸ್ವಲ್ಪ ಕಮ್ಮಿ ಇದೆ" ಅಂದುಬಿಟ್ಟೆ. ಅವರು ಗಾಬರಿಯಾಗಿ ಅದಕ್ಕೆ ಮಾತ್ರೆ ಕೇಳಿದರು.

ಕೊನೆಗೆ ಪಂಥದ ಹಿಂದಿನ ದಿನ, ಶನಿವಾರ ಮಧ್ಯಾಹ್ನ ದಾರಿ ಹೊಳೆಯಿತು. ಪ್ರತಿ ಗೆರೆಯನ್ನೂ ಎರಡೆರಡು ಸಲ ಎಳೆಸಿದರೆ ನಾನೂರ ಎಂಬತ್ತು. ಅದು ಈ ಮಾನಿಟರಿಗೆ ಒಗ್ಗುತ್ತದೆ! ಹೆಂಡತಿ ಪರೀಕ್ಷೆಯ ವೇಳಾಪಟ್ಟಿ ಮಾಡುತ್ತಾ ಕೂತಿದ್ದಳು. "ಒಂದೇ ನಿಮಿಷ ಕಣೇ" ಎಂದು ಮೌಸ್ ಕಸಿದುಕೊಂಡು, ಆರುನೂರ ನಲವತ್ತು, ನಾನೂರ ಎಂಬತ್ತು, ಅರವತ್ತು ಎಂದು ಆರಿಸಿದೆ. 'ಈ ಬದಲಾವಣೆ ಇರಲೇ?' ಎಂದು ಕಂಪ್ಯೂಟರ್ ಕೇಳಿತು. ಎರಡು ವಾರದಿಂದ ಈ ಪ್ರಶ್ನೆ ನೋಡಿ ನೋಡಿ ಬೇಸತ್ತಿದ್ದ ನಾನು ತಲೆಯೆತ್ತದೆ 'ಇರಲಿ' ಒತ್ತಿದೆ.

ಬದಲಾದದ್ದು ನನ್ನ ಮಾನಿಟರಲ್ಲ, ಅವಳ ಪರದೆ. ಅಕ್ಷರಗಳು ಅಂಗಡಿಯ ಬೋರ್ಡಿನಷ್ಟಾದವು. ಇಡೀ ವೇಳಾಪಟ್ಟಿಯಲ್ಲಿ 'ಸೋಮವಾರ ಗಣಿ' ಎಂಬುದಷ್ಟೇ ಕಾಣುತ್ತಿತ್ತು.

"ರೀ, ಉಳಿದ ವಾರ ಎಲ್ಲಿ?"

"ಅಲ್ಲೇ ಪಕ್ಕದಲ್ಲಿರುತ್ತೆ. ಪರದೆಯ ಆಚೆ."

"ಐದು ಗಂಟೆಯೊಳಗೆ ಹೆಡ್ ಮೇಡಂಗೆ ಕಳಿಸ್ಬೇಕು. ಪರದೆಯ ಆಚೆಯಿಂದ ಹೇಗೆ ಕಳಿಸ್ಲಿ?"

ಸೆಟ್ಟಿಂಗ್ ತೆರೆದರೆ ಅದೂ ದೈತ್ಯನಾಗಿ ನಿಂತಿತು. ಒತ್ತಬೇಕಾದ ಗುಂಡಿ ಮೇಜಿನ ಕೆಳಗೆಲ್ಲೋ ಇತ್ತು. ಏನೂ ತೋಚದೆ ಪ್ಲಗ್ ಕಿತ್ತೆ. ಕಂಪ್ಯೂಟರ್ ಮತ್ತೆ ಎದ್ದಾಗ ಗಣಿತದ ಜೊತೆ ಇಡೀ ವಾರವೇ ಮಾಯವಾಗಿತ್ತು. ಹೆಂಡತಿ ಬೈಯಲಿಲ್ಲ, ಅದಕ್ಕೇ ಹೆದರಿಕೆಯಾಯಿತು. ಎರಡೇ ನಿಮಿಷದಲ್ಲಿ ತನ್ನ ಪರದೆ ಸರಿಮಾಡಿಕೊಂಡು, ಕುರ್ಚಿ ನನ್ನ ಕಡೆ ತಳ್ಳಿ, "ಬರ್ಕೊಳ್ಳಿ. ಸೋಮವಾರ, ಗಣಿತ" ಅಂದಳು. ಒಂಬತ್ತು ತರಗತಿಗಳ ವೇಳಾಪಟ್ಟಿಯನ್ನು ನಾನೇ ಟೈಪ್ ಮಾಡಿದೆ.

ಆಮೇಲೆ ಅದೇ ಲೆಕ್ಕವನ್ನು ಹಳೆಯ ಮಾನಿಟರಿಗೆ ಹಾಕಿದಾಗ ಅದರ ಎಡ ಮೂಲೆಯಲ್ಲಿ ನೇರಳೆ ಬಣ್ಣದ ಕಲೆ ಕಂಡಿತು. ಪಕ್ಕದಲ್ಲಿದ್ದ ಸ್ಪೀಕರಿನ ಅಯಸ್ಕಾಂತದ ಕಿತಾಪತಿ! ಎರಡೂ ಸ್ಪೀಕರ್ ಕಿತ್ತು ಅಡುಗೆಮನೆಯ ಅಟ್ಟಕ್ಕೆ ಗಡೀಪಾರು ಮಾಡಿದೆ. ಈಗ ನೋಡಬೇಕಿತ್ತು ಆ ಚಿತ್ರವನ್ನು. ಕೊಳವೆ ಕೊಳವೆಯಾಗಿ, ಜೀರುಂಡೆ ಜೀರುಂಡೆಯಾಗಿ, ಒಂದು ಚೂರೂ ಮಿಟುಕದೆ ಇತ್ತು. ನನಗೆ ಕಣ್ಣು ತುಂಬಿ ಬಂತು.

ಭಾನುವಾರ ನಾಲ್ಕಕ್ಕೆ ಸರಿಯಾಗಿ ಅಕ್ಕ ಬಂದಳು, ನಾನೇ ಮಾಡಿಕೊಟ್ಟ ದಪ್ಪ ಗಾಜಿನ ಕನ್ನಡಕ ಹಾಕಿಕೊಂಡು. ಮೊದಲು ನಾನು ಆಡಿ ಮುನ್ನೂರ ಹತ್ತು ಜೀರುಂಡೆ ಹಿಡಿದೆ. ನನ್ನ ಜೀವಮಾನದ ದಾಖಲೆ! ಅಕ್ಕ ಕೂತಳು. ಪರದೆಗೆ ಮುಖ ಹತ್ತಿರ ತಂದು, "ಅಯ್ಯೋ, ಇದು ಹುಳಾನಾ?" ಅಂದಳು. ಹನ್ನೊಂದು ಹಿಡಿಯುವಷ್ಟರಲ್ಲಿ ಮೂರು ಬಿಟ್ಟಳು.

ನಾನು ಕುಣಿದೆ. ನಿಜವಾಗಿ ಕುಣಿದೆ, ಸೊಂಟ ಹಿಡಿದುಕೊಂಡೇ. "ನೋಡ್ದ್ಯಾ? ಸ್ಕ್ರೀನ್ ಸರಿ ಇದ್ರೆ ಯಾರು ಗೆಲ್ತಾರೆ ಅಂತ?"

"ಸದ್ದೆಲ್ಲೋ?" ಅಂದಳು ಅಕ್ಕ.

"ಸದ್ದು ಯಾಕೆ? ಚಿತ್ರ ನೋಡು."

"ಆ ಯಂತ್ರಕ್ಕೆ ಸದ್ದಿತ್ತು. ಅದೇ ಆಟ ಅಂದ್ಮೇಲೆ ಸದ್ದೂ ಬೇಕು."

ನ್ಯಾಯವಾದ ಮಾತು. ಹೆಂಡತಿ ಅಟ್ಟದಿಂದ ಸ್ಪೀಕರ್ ಇಳಿಸಿ, ಉದ್ದನೆಯ ವೈರ್ ಹಾಕಿ, ಪರದೆಯಿಂದ ದೂರ ಸೋಫಾದ ಮೇಲಿಟ್ಟಳು. ಅಷ್ಟು ಉತ್ಸಾಹ ಅವಳಿಗೆ ಯಾಕೆ ಬಂತೋ ಗೊತ್ತಿಲ್ಲ.

ಅಕ್ಕ ಕನ್ನಡಕ ತೆಗೆದು ಮೇಜಿನ ಮೇಲಿಟ್ಟಳು.

"ಏನು ಮಾಡ್ತಿದ್ದೀಯ? ಅದಿಲ್ದೆ ನಿಂಗೆ ಗೋಡೆಯೇ ಕಾಣಲ್ಲ."

"ನೀನು ಸುಮ್ನಿರು."

ಮತ್ತೆ ಆಟ ಶುರುಮಾಡಿದ ಅಕ್ಕನ ಲೆಕ್ಕ ಐನೂರು ದಾಟಿತು, ಏಳುನೂರು ದಾಟಿತು. ನನ್ನ ಮುಖ ಇಂಗು ತಿಂದ ಮಂಗನಂತಾಯಿತು. ಸಾವಿರದ ಹತ್ತಿರ ಅಕ್ಕ ಕಣ್ಣನ್ನೇ ಮುಚ್ಚಿಕೊಂಡು, ನನ್ನ ಹೆಂಡತಿಯ ಜೊತೆ ಅವರ ಶಾಲೆಯ ಸುದ್ದಿ ಮಾತಾಡುತ್ತಾ ಆಡುತ್ತಿದ್ದಳು. ಸಾವಿರದ ಇನ್ನೂರಕ್ಕೆ ಕೈನೋವು ಎಂದು ತಾನೇ ಬಿಟ್ಟಳು.

"ಹೇಗೆ?" ಎಂದೆ.

"ಐದು ಕೊಳವೆಗೆ ಐದು ಸ್ವರ ಕಣೋ. ಯಾವ ಸ್ವರ ಬರುತ್ತೋ ಅಲ್ಲಿಗೆ ಹೋದ್ರಾಯ್ತು." ಅಕ್ಕ ಕನ್ನಡಕ ಒರೆಸಿ ಹಾಕಿಕೊಂಡಳು. "ನಂಗೆ ಕನ್ನಡಕ ಬಂದಿದ್ದು ಹತ್ತನೇ ಕ್ಲಾಸಲ್ಲಿ ಅಲ್ವಾ. ಅಲ್ಲೀವರೆಗೂ ಆ ಸ್ಕ್ರೀನ್ ಮೇಲೆ ಏನಿದೆ ಅಂತ ನಂಗೆ ಕಂಡೇ ಇರ್ಲಿಲ್ಲ. ಬೀಳ್ತಿದ್ದಿದ್ದು ಚೆಂಡು ಅಂದ್ಕೊಂಡಿದ್ದೆ."

ನಾನು ನಿಂತಲ್ಲೇ ತಲೆ ತಗ್ಗಿಸಿ, "ಇಷ್ಟು ವರ್ಷ ಬರೀ ನೆಪ ಹೇಳ್ದೆ, ತಪ್ಪಾಯ್ತು" ಅಂದೆ.

ಹೆಂಡತಿ ಹತ್ತಿರ ಬಂದು ಮೆಲ್ಲಗೆ ಹೇಳಿದಳು: "ಪರ್ವಾಗಿಲ್ಲ ಬಿಡಿ. ಆದ್ರೆ ಆಗ ನಿಮ್ಮ ಕಣ್ಣು ಚೆನ್ನಾಗಿತ್ತು ಅಂತ ಮಾತ್ರ ಯಾರ ಹತ್ರಾನೂ ಹೇಳ್ಬೇಡಿ."