ಮುದ್ದೆ ಅಗಿದ ಮೇಷ್ಟ್ರು

ಜೀರ್ಣಕ್ರಿಯೆ ಶುರುವಾಗುವುದು ಬಾಯಲ್ಲಿ. ಹೊಟ್ಟೆಯಲ್ಲಲ್ಲ! ಕೊಡಿಗೇನಹಳ್ಳಿಯಲ್ಲಿ ವಿಜ್ಞಾನದ ಮೇಷ್ಟ್ರಾಗಿ ಈ ಮಾತನ್ನು ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ಆಹಾರವನ್ನು ಚೆನ್ನಾಗಿ ಅಗಿಯಬೇಕು, ಅದರಲ್ಲಿ ಎಂಜಲು ಬೆರೆಯಬೇಕು, ಪಿಷ್ಟ ಅಲ್ಲೇ ಸಕ್ಕರೆಯಾಗಲು ಶುರುವಾಗಬೇಕು. ಆದರೆ ನಮ್ಮ ಸೀಮೆಯವರು ರಾಗಿಮುದ್ದೆಯನ್ನು ಮುರಿದು, ಸಾರಿನಲ್ಲಿ ಹೊರಳಿಸಿ, ಹಲ್ಲಿಗೆ ಸುಳಿವೂ ಕೊಡದೆ ಗುಳುಂ ಅನ್ನಿಸಿಬಿಡುತ್ತಾರೆ. ಕೇಳಿದರೆ, "ಮುದ್ದೆ ಯಾರಾದ್ರೂ ಅಗೀತಾರಾ ಸಾರ್?" ಅನ್ನುತ್ತಾರೆ.

ನಾನು ಅಗಿಯುತ್ತೇನೆ! ಬಿಎಸ್ಸಿ ಮುಗಿಸಿದಾಗಿನಿಂದ ಅಗಿಯುತ್ತಲೇ ಇದ್ದೇನೆ. ನನ್ನ ಹೆಂಡತಿ ಜಯಾ ಇದನ್ನು ಎಮ್ಮೆ ಮೆಲುಕು ಅನ್ನುತ್ತಾಳೆ. ಅನ್ನಲಿ.

ಹೋದ ವರ್ಷ ನಮ್ಮ ಮಗಳು ಸವಿತಾಳಿಗೆ ಬರಗೂರಿನ ಸಂಬಂಧ ಬಂತು. ಹುಡುಗ, ಹುಡುಗಿ ಒಪ್ಪಿಯಾಗಿತ್ತು. ನಾವು ಗಂಡಿನ ಮನೆ ನೋಡಿಕೊಂಡು ಬಂದು, ಅವರ ಕಡೆ ದೊಡ್ಡವರು ಹೂಂ ಅಂದರೆ ಆಯಿತು. ದೊಡ್ಡವರು ಅಂದರೆ ಹುಡುಗನ ಅಜ್ಜಿ. ಆ ಮನೆಯಲ್ಲಿ ಆಕೆ ಹೇಳಿದ್ದೇ ಕೊನೆ. ಅದೇ ಹೊತ್ತಿಗೆ ನನ್ನ ಮುಂದಿನ ಹಲ್ಲು ಮುರಿದು, ಮಧುಗಿರಿಯ ಡಾಕ್ಟರು ತಾತ್ಕಾಲಿಕವಾಗಿ ಒಂದು ಕ್ಯಾಪ್ ಕೂರಿಸಿದ್ದರು. ಅಂಟುವಂಥದ್ದೇನೂ ಅಗಿಯಬೇಡಿ ಅಂತಲೂ ಹೇಳಿದ್ದರು.

"ರೀ, ಅಲ್ಲಿ ಮುದ್ದೆ ಮಾಡಿರ್ತಾರೆ. ಸುಮ್ನೆ ನುಂಗಿ. ಆಗಲ್ಲ ಅಂದ್ರೆ ಅನ್ನ ಹಾಕಿಸ್ಕೊಳಿ. ಪಾಠ ಮಾತ್ರ ಬ್ಯಾಡ," ಅಂದಳು ಜಯಾ.

"ನಾನೇನು ಚಿಕ್ಕ ಮಗುವೇ?" ಅಂದೆ.

ಹುಡುಗಿಯನ್ನು ಕಣ್ಣಾರೆ ನೋಡಬೇಕು ಅಂತ ಅಜ್ಜಿ ಹೇಳಿಕಳಿಸಿದ್ದರಿಂದ ಸವಿತಾಳನ್ನೂ ಕರೆದುಕೊಂಡು ಹೋದೆವು. ಬರಗೂರಿನಲ್ಲಿ ಸಾಲಾಗಿ ಕೂರಿಸಿ ಎಲೆ ಹಾಕಿದರು. ನಾಟಿಕೋಳಿ ಸಾರು, ಹೊಗೆಯಾಡುವ ಮುದ್ದೆ. ಎದುರಿಗೆ ಅಜ್ಜಿ. ಬಾಯಲ್ಲಿ ಒಂದು ಹಲ್ಲೂ ಇಲ್ಲ, ಎಲೆಯ ಮೇಲಿನ ಮುದ್ದೆ ಆಗಲೇ ಅರ್ಧ ಖಾಲಿ! ನಾನು ಒಂದು ತುತ್ತು ಮುರಿದೆ. ನುಂಗಬಹುದಿತ್ತು. ಆದರೆ ಇಷ್ಟು ವರ್ಷ ಮಕ್ಕಳಿಗೆ ಹೇಳಿದ್ದನ್ನು ಒಂದು ಸಂಬಂಧಕ್ಕಾಗಿ ನುಂಗಿಕೊಳ್ಳುವುದೇ? ಅಗಿದೆ. ಪಚ್, ಪಚ್ ಅಂತ ಸದ್ದಾಯಿತು. ಇಡೀ ಪಂಕ್ತಿ ನನ್ನ ಕಡೆ ತಿರುಗಿತು.

"ಯಾಕೆ ಮೇಷ್ಟ್ರೇ, ಮುದ್ದೆ ಗಂಟು ಗಂಟಾಗೈತಾ?" ಅಂದರು ಹುಡುಗನ ತಂದೆ ತಿಮ್ಮಣ್ಣ.

ಜಯಾ ನನ್ನ ತೊಡೆ ಚಿವುಟಿದಳು. ತಡವಾಗಿತ್ತು. ನಾನು ಲಾಲಾರಸದಿಂದ ಶುರುಮಾಡಿ, "ಅಗಿಯದೆ ನುಂಗೋದು ಅಮೀಬದ ಲಕ್ಷಣ," ಅಂತ ಮುಗಿಸಿದೆ.

"ಅಮೀಬ ಅಂದ್ರೆ ಯಾರ್ಲಾ ತಿಮ್ಮ?" ಅಂದಳು ಅಜ್ಜಿ.

ತಿಮ್ಮಣ್ಣನಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು! "ಕೊಳಚೆ ನೀರಲ್ಲಿರೋ ಜೀವಿ ಅಜ್ಜಿ. ಬಾಯಿಲ್ಲ, ಹಲ್ಲಿಲ್ಲ. ಸಿಕ್ಕಿದ್ದನ್ನ ಸುತ್ತುವರಿದು ಒಳಗೆ ಎಳ್ಕೊಂಡುಬಿಡುತ್ತೆ."

ಹಲ್ಲಿಲ್ಲದ ಅಜ್ಜಿ ಕೈಯಲ್ಲಿದ್ದ ತುತ್ತನ್ನು ಎಲೆಗೆ ಇಟ್ಟಳು. ಸಾರು ಬಡಿಸುತ್ತಿದ್ದವರು ಅಲ್ಲೇ ನಿಂತರು. ಸವಿತಾ ಕಣ್ಣು ತುಂಬಿಕೊಂಡು ನನ್ನನ್ನೇ ನೋಡುತ್ತಿದ್ದಳು. ಆಗ ನನಗೆ ನಿಜವಾಗಿಯೂ ಭಯವಾಯಿತು. ಭಯಕ್ಕೆ ಇನ್ನೊಂದು ತುತ್ತು ಬಾಯಿಗಿಟ್ಟು ಜೋರಾಗಿ ಅಗಿದೆ. ಮುದ್ದೆ ಹಲ್ಲನ್ನು ಹಿಡಿದುಕೊಂಡಿತು. ಟಕ್! ಗಾಬರಿಯಲ್ಲಿ ಹುಟ್ಟಿದಾರಭ್ಯ ಮಾಡದಷ್ಟು ಚೆನ್ನಾಗಿ ಗುಳುಂ ಅನ್ನಿಸಿದೆ.

"ಕ್ಯಾಪ್ ಹೋಯ್ತು," ಅಂದೆ. ಕಿಂಡಿಯಿಂದ ಗಾಳಿ ಬಂತು.

"ಎಲ್ಲಿಗೆ?" ಅಂದಳು ಜಯಾ.

ಹೊಟ್ಟೆ ತೋರಿಸಿದೆ.

ಅಜ್ಜಿ ನನ್ನ ಬಾಯನ್ನು ನೋಡಿದಳು, ಹೊಟ್ಟೆಯನ್ನು ನೋಡಿದಳು. ಆಮೇಲೆ ಇಡೀ ಮೈ ಕುಲುಕಿಸಿಕೊಂಡು ನಕ್ಕಳು. "ಮುದ್ದೆ ನುಂಗಬ್ಯಾಡಿ ಅಂದೋನು ಹಲ್ಲನ್ನೇ ನುಂಗ್ಬುಟ್ಟನಲ್ಲೋ! ಲೇ ತಿಮ್ಮ, ಈ ಮನೆ ಹೆಣ್ಣನ್ನೇ ತಕ್ಕಳಣ ಕಣ್ಲಾ. ಇಂಥ ಬೀಗ ಇದ್ರೆ ಮನೇಲಿ ನಗಕ್ಕೇನೂ ಬರ ಇರಲ್ಲ."

ಹೀಗೆ ಸಂಬಂಧ ಕುದುರಿತು. ಕುದುರಿಸಿದ್ದು ನಾನೇ ಅಂತ ಈಗಲೂ ವಾದಿಸುತ್ತೇನೆ. ಮಧುಗಿರಿಯ ಡಾಕ್ಟರು, "ಹಳೇ ಕ್ಯಾಪ್ ಎಲ್ಲಿ?" ಅಂತ ಕೇಳಿದಾಗಲೂ ನಾನು ತಲೆ ತಗ್ಗಿಸಲಿಲ್ಲ. "ಈ ಹೊತ್ತಿಗೆ ಸಣ್ಣ ಕರುಳು ದಾಟಿರಬೇಕು," ಅಂದೆ. ಹೊಸದನ್ನು ಭದ್ರವಾಗಿ ಕೂರಿಸಿ ಕಳಿಸಿದರು.

ಮದುವೆಯಾಗಿ ಬರಗೂರಿನಲ್ಲಿ ಬೀಗರೂಟವೂ ಬಂತು. ಎಲ್ಲರ ಎಲೆಗೂ ಮುದ್ದೆ ಬಿತ್ತು. ನನ್ನ ಎಲೆಯ ಮುಂದೆ ಮಾತ್ರ ಒಂದು ದೊಡ್ಡ ಲೋಟ ರಾಗಿ ಅಂಬಲಿ! ಅಜ್ಜಿಯೇ ಖುದ್ದಾಗಿ ತಂದಿಟ್ಟು, "ಅಗಿಯೋ ತಾಪತ್ರಯ ಬ್ಯಾಡ, ಕುಡ್ಕಳಪ್ಪ," ಅಂದಳು. ಸವಿತಾ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ಇಡೀ ಚಪ್ಪರ ನನ್ನನ್ನೇ ನೋಡುತ್ತಿತ್ತು.

ಬಿಟ್ಟುಕೊಡುತ್ತೇನೆಯೇ? ಬಾಯಿತುಂಬ ಅಂಬಲಿ ಹುಯ್ದುಕೊಂಡೆ. ಎಲ್ಲರ ಮುಂದೆಯೇ ಅಗಿದೆ! ಹೊಸ ಹಲ್ಲು ಒಂದಿಷ್ಟೂ ಅಲ್ಲಾಡಲಿಲ್ಲ. ಅಂಬಲಿ ಮಾತ್ರ ತುಟಿಯ ಎರಡೂ ಕಡೆಯಿಂದ ಇಳಿದು, ಬೀಗರು ಕೊಟ್ಟ ರೇಷ್ಮೆ ಶರ್ಟಿನ ಮೇಲೆ ಹರಿಯಿತು.