ಮಣಿಗಳೆಲ್ಲ ಹೋಗುತ್ತಿದ್ದ ಮೂಲೆ

ಮಟ್ಟವಾದ ನೆಲದ ಮೇಲೆ ನಡೆಯುವುದು ನನಗೆ ಸರಿಯಾಗಿ ಬರುವುದಿಲ್ಲ ಎಂದರೆ ನೀವು ನಗುತ್ತೀರಿ. ನಗಿ. ಅರವತ್ತೆರಡು ವರ್ಷ ಚನ್ನಪಟ್ಟಣದ ಒಂದೇ ಮನೆಯಲ್ಲಿ, ಒಂದೇ ಕಡೆಗೆ ವಾಲಿದ ಕೆಂಪು ಗಾರೆ ನೆಲದ ಮೇಲೆ ಓಡಾಡಿದವನು ನಾನು. ಬೇರೆಯವರ ಮನೆಗೆ ಹೋದರೆ ಅವರ ನೆಲದಲ್ಲೇ ಏನೋ ಐಬಿದೆ ಅನ್ನಿಸುತ್ತದೆ. ತೊಳೆದ ನೀರು ತಾನಾಗಿ ಹರಿದುಹೋಗಲಿ ಎಂದು ನಮ್ಮ ತಾತ ಬೇಕೆಂದೇ ಆ ಇಳಿಜಾರು ಕೊಡಿಸಿದ್ದನಂತೆ. ಆದರೆ ನೀರು ಹೋಗುವ ತೂತು ಇದ್ದದ್ದು ಬಾಗಿಲ ಬಳಿ, ಇಳಿಜಾರು ಬಂದದ್ದು ಎದುರಿನ ಮೂಲೆಗೆ. ನಮ್ಮ ವಂಶದ ಲೆಕ್ಕಾಚಾರವೆಲ್ಲ ಹೀಗೆಯೇ.

ಆ ತಪ್ಪು ಅವ್ವನಿಗೆ ಮಾತ್ರ ದೊಡ್ಡ ಅನುಕೂಲವಾಯಿತು. ಅವ್ವ ಗೊಂಬೆ ಮಾಡುವವರಿಂದ ಬಣ್ಣದ ಮರದ ಮಣಿ ತಂದು ಮನೆಯಲ್ಲೇ ಸರ ಪೋಣಿಸುತ್ತಿದ್ದಳು. ದಿನಕ್ಕೊಮ್ಮೆಯಾದರೂ ನಾನು ಓಡಿಬಂದು ಮಣಿಯ ತಟ್ಟೆ ಒದೆಯುತ್ತಿದ್ದೆ. ಅವ್ವ ಏಳುತ್ತಲೂ ಇರಲಿಲ್ಲ. ಮಣಿಗಳೆಲ್ಲ ಗಡಗಡ ಉರುಳಿ ಮೂಲೆ ಸೇರಿದ ಮೇಲೆ ನಿಧಾನವಾಗಿ ಮೊರ ಹಿಡಿದು ಹೋಗಿ ಬಾಚಿಕೊಳ್ಳುತ್ತಿದ್ದಳು. ನನ್ನ ಗೋಲಿ, ಪೆನ್ಸಿಲ್, ಬುಗುರಿ, ಏನು ಕಳೆದರೂ ಅವಳದು ಒಂದೇ ಮಾತು: "ಮೂಲೆ ನೋಡ್ಲಾ." ನಾನು ಮಾತು ಕೇಳುವ ಮಗನಲ್ಲ. ಮಂಚದ ಕೆಳಗೆ, ರಾಗಿ ಡ್ರಮ್ಮಿನ ಹಿಂದೆ, ಬೀದಿಯಲ್ಲೆಲ್ಲ ಹುಡುಕಿ, ಪಕ್ಕದ ಮನೆಯವನ ಮೇಲೆ ಕಳ್ಳತನ ಹೊರಿಸಿ ಬರುವಷ್ಟರಲ್ಲಿ ಅವ್ವನೇ ಅದನ್ನು ಮೂಲೆಯಿಂದ ತಂದಿಟ್ಟಿರುತ್ತಿದ್ದಳು. ಅವ್ವ ಹೋಗಿ ಎಂಟು ವರ್ಷವಾಯಿತು. ಆಮೇಲೂ ಆ ಮೂಲೆಯಲ್ಲಿ ಯಾವ ಸಾಮಾನನ್ನೂ ಇಡುವುದಕ್ಕೆ ನಾನು ಬಿಡುತ್ತಿರಲಿಲ್ಲ.

ಇಂಥ ನೆಲಕ್ಕೆ ಈ ವರ್ಷ ಕುತ್ತು ಬಂತು. ನನ್ನ ಹೆಂಡತಿ ಸುಶೀಲಳ ಕಾಲಿಗೆ ಗಾರೆಯ ತಂಪು ಆಗದು. ಬೆಳಿಗ್ಗೆ ಎದ್ದು ಅಂಗಾಲು ಊರಿದರೆ ನೋವಿಗೆ ಮುಖ ಕಿವುಚುತ್ತಿದ್ದಳು. ಮರದಂತೆ ಕಾಣುವ ಲ್ಯಾಮಿನೇಟ್ ಹಲಗೆ ಹಾಸಿಸೋಣ ಎಂದಳು. ಬಂದವನು ನನ್ನ ಜೊತೆ ಓದಿದ ಮೇಸ್ತ್ರಿ ಚಿಕ್ಕಣ್ಣ. ನೀರು ತುಂಬಿದ ಟ್ಯೂಬ್ ಹಿಡಿದು ಮಟ್ಟ ನೋಡಿ ತಲೆಯಾಡಿಸಿದ.

"ಎರಡಿಂಚು ತಗ್ಗೈತೆ ಕಣ್ಲಾ. ಹಿಂಗೇ ಹಲ್ಗೆ ಹಾಕುದ್ರೆ ಕಾಲಿಟ್ಟಂಗೆಲ್ಲ ಕುಣೀತದೆ. ಉಳಿ ಹೊಡ್ದು, ಸಿಮೆಂಟ್ ಹಾಕಿ ಮಟ್ಟ ಮಾಡ್ಬೇಕು."

"ಎಲ್ಲ ಮಾಡು, ಆ ಮೂಲೆ ಒಂದ್ ಬುಟ್ಬುಡು," ಎಂದೆ.

"ಮೂಲೆ ಬುಟ್ಟು ಮಟ್ಟ ಮಾಡಾದು ಹೆಂಗ್ಲಾ? ಅರ್ಧ ತಲೆ ಬೋಳ್ಸು ಅಂದಂಗಾಯ್ತು!"

ಸುಶೀಲ ನನ್ನ ಮುಖ ನೋಡಿದಳು. ಅವಳಿಗೆ ಎಲ್ಲ ತಿಳಿಯುತ್ತದೆ. "ಬ್ಯಾಡ ಬುಡಿ, ನಾನು ಚಪ್ಲಿ ಹಾಕ್ಕೊಂಡೇ ಓಡಾಡ್ತೀನಿ," ಎಂದಳು. ಜಗಳ ಆಡಿದ್ದರೆ ನಾನು ಗೆಲ್ಲುತ್ತಿದ್ದೆನೇನೋ. ಹೀಗೆ ಅಂದರೆ ಏನು ಮಾಡುವುದು? ಚಿಕ್ಕಣ್ಣನ ಕೈಗೆ ನಾನೇ ಉಳಿ ಎತ್ತಿಕೊಟ್ಟು ಹಿತ್ತಿಲಿಗೆ ಹೋಗಿ ನಿಂತುಕೊಂಡೆ.

ಈಗ ಸಿಮೆಂಟ್ ಒಣಗಿ, ಹಲಗೆ ಕೂತು, ಮನೆ ಹೊಳೆಯುತ್ತಿದೆ. ಮೊನ್ನೆ ಬೆಳಿಗ್ಗೆ ಬಿಪಿ ಮಾತ್ರೆ ನನ್ನ ಕೈಜಾರಿತು. ಮೂಲೆಯಲ್ಲಿ ಮಂಡಿಯೂರಿ ಕಾಲು ಗಂಟೆ ತಡಕಾಡಿದೆ. ಸುಶೀಲ ಬರಿಗಾಲಲ್ಲಿ ಆರಾಮಾಗಿ ನಡೆದು ಬಂದಳು.

"ಅಲ್ಲೇನ್ರೀ ಹುಡುಕ್ತಿದ್ದೀರಿ? ಬಿದ್ದ ಜಾಗ್ದಲ್ಲೇ ಐತಲ್ಲ!"

ನಿಜ, ಮಾತ್ರೆ ನನ್ನ ಕುರ್ಚಿಯ ಪಕ್ಕದಲ್ಲೇ ಇತ್ತು. ಅವ್ವ ಇದ್ದಷ್ಟು ದಿನ ಅವಳ ಮಾತನ್ನು ಒಮ್ಮೆಯೂ ಕೇಳದ ನಾನು, ನೆಲ ಮಟ್ಟವಾದ ಮೇಲೆ ಕೇಳುವುದಕ್ಕೆ ಶುರುಮಾಡಿದ್ದೇನೆ.